ನೆಟ್ ಕೊಡುವವರು ನಾವು ಯಾವ ಸೈಟ್ ನೋಡುತ್ತೇವೆ ಅಂತ ನೋಡಬಹುದಾ? ಕಾನೂನು ಏನು ಹೇಳುತ್ತದೆ?

ಅಮೃತಬಳ್ಳಿ
ನಾವಿರುವುದು ಅತ್ತಿಗುಪ್ಪೆ ಹತ್ತಿರ, ಬಾಡಿಗೆ ಮನೆ. ನಮ್ಮ ಏರಿಯಾದ ಕೇಬಲ್‌ನವರೇ ಬ್ರಾಡ್‌ಬ್ಯಾಂಡೂ ಕೊಡುತ್ತಾರೆ. ಮೂರು ವರ್ಷದಿಂದ ಅವರದ್ದೇ ನೆಟ್. ಕನೆಕ್ಷನ್ ನನ್ನ ಹೆಸರಲ್ಲಿದೆ.

ಕಳೆದ ವಾರ ನೆಟ್ ತುಂಬಾ ಸ್ಲೋ ಆಗಿತ್ತು. ಕಂಪ್ಲೇಂಟ್ ಕೊಟ್ಟೆ, ಹುಡುಗ ಬಂದ. ವೈರ್ ನೋಡಿದ, ಲ್ಯಾಪ್‌ಟಾಪ್ ತೆಗೆದು ಏನೋ ಲಾಗಿನ್ ಆದ. ‘ಮೇಡಂ, ನಮ್ ಕಡೆಯಿಂದ ಸರಿಯಾಗೇ ಬರ್ತಿದೆ, ನೋಡಿ ನಿನ್ನೆ ರಾತ್ರಿ ಎಲ್ಲಾ ಯೂಸ್ ಆಗಿದೆ’ ಅಂದ. ಅಲ್ಲಿಗೆ ಬಿಡಲಿಲ್ಲ. ಒಂದು ಐವಿಎಫ್ ಕ್ಲಿನಿಕ್ ಹೆಸರು ಹೇಳಿ ‘ಈ ಸೈಟ್ ಓಪನ್ ಆಗಿದ್ಯಲ್ಲಾ, ನೆಟ್ ಇಲ್ದೆ ಹೆಂಗ್ ಆಗತ್ತೆ’ ಅಂತ ಕೇಳಿದ. ನಮ್ಮ ಅತ್ತೆ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

ನಾನು, ನಮ್ಮ ಮನೆಯವರು ಈ ವಿಷಯ ಇನ್ನೂ ಯಾರಿಗೂ ಹೇಳಿರಲಿಲ್ಲ. ನನ್ನ ತಾಯಿಗೂ ಹೇಳಿರಲಿಲ್ಲ.

ಕೇಳಬೇಕಾಗಿರುವುದು ಇಷ್ಟು. ಅವನಿಗೆ ಅದು ಹೇಗೆ ಕಾಣಿಸಿತು? ನನ್ನ ವಾಟ್ಸ್‌ಆ್ಯಪ್, ಬ್ಯಾಂಕ್ ಎಲ್ಲ ಕಾಣಿಸುತ್ತದಾ? ಹೀಗೆ ನೋಡುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆಯಾ? ಇಲ್ಲ ಅಂದರೆ ಯಾರ ಹತ್ತಿರ ಹೋಗಬೇಕು?

ಪಿಜಿ_ವಾಸಿ
ಓದಿ ಮೈ ಉರಿಯಿತು ಅಕ್ಕಾ. ಕಂಪನಿ ಹೆಸರು ಹಾಕಿ, ಎಲ್ಲರಿಗೂ ಗೊತ್ತಾಗಲಿ.

ಅಮೃತಬಳ್ಳಿ
ಹೆಸರು ಸದ್ಯಕ್ಕೆ ಬೇಡ. ಮೊದಲು ಬರೆದು ಕೊಟ್ಟು, ಅವರು ಏನು ಹೇಳುತ್ತಾರೆ ನೋಡುತ್ತೇನೆ.

ಯಲಹಂಕ_ಗಾಳಿಪಟ
ಇದರಲ್ಲಿ ಆಶ್ಚರ್ಯ ಏನಿದೆ? ಎಲ್ಲಾ ಕಂಪನಿಗಳೂ ಎಲ್ಲಾ ನೋಡುತ್ತವೆ. ಸರ್ಕಾರವೇ ನೋಡಿ ಅಂತ ಹೇಳಿದೆ. ಲೈಸೆನ್ಸ್‌ನಲ್ಲೇ ಬರೆದಿದೆ. ಏನೂ ಮಾಡೋಕಾಗಲ್ಲ, ಬೇರೆ ಕನೆಕ್ಷನ್ ಹಾಕಿಸಿಕೊಂಡರೂ ಇದೇ ಕಥೆ.

ಸ್ವಿಚ್ಚು_ಪೋರ್ಟು
ಗಾಳಿಪಟ ಅವರೇ, ‘ಎಲ್ಲಾ’ ಅನ್ನುವುದು ತಪ್ಪು. ನಾನು ನೆಟ್‌ವರ್ಕ್ ಕೆಲಸದಲ್ಲೇ ಇರುವವನು, ಹದಿನಾಲ್ಕು ವರ್ಷ ಆಯಿತು. ಮೇಡಂ ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ.

ನೀವು ಆಟೋದಲ್ಲಿ ಆಸ್ಪತ್ರೆಗೆ ಹೋದಿರಿ ಅಂದುಕೊಳ್ಳಿ. ಯಾವ ಆಸ್ಪತ್ರೆ ಗೇಟಿನಲ್ಲಿ ಇಳಿದಿರಿ ಅಂತ ಆಟೋದವನಿಗೆ ಗೊತ್ತು. ಎಷ್ಟು ಗಂಟೆಗೆ ಅನ್ನುವುದೂ ಗೊತ್ತು. ಒಳಗೆ ಯಾವ ಡಾಕ್ಟರನ್ನು ನೋಡಿದಿರಿ, ಏನು ಮಾತಾಡಿದಿರಿ, ಅದು ಅವನಿಗೆ ಗೊತ್ತಾಗುವುದಿಲ್ಲ. ನೆಟ್‌ನಲ್ಲೂ ಹಾಗೇ. ಈಗ ಬಹುತೇಕ ಸೈಟ್‌ಗಳು ಎಚ್‌ಟಿಟಿಪಿಎಸ್‌ನಲ್ಲಿವೆ, ಅಂದರೆ ಮಾಹಿತಿ ಬೀಗ ಹಾಕಿಕೊಂಡು ಹೋಗುತ್ತದೆ. ಸೈಟಿನ ಹೆಸರು ಕಾಣಿಸುತ್ತದೆ, ಒಳಗಿನ ಪುಟ, ನೀವು ತುಂಬಿದ ಫಾರ್ಮ್, ಪಾಸ್‌ವರ್ಡ್ ಕಾಣಿಸುವುದಿಲ್ಲ. ಬ್ಯಾಂಕ್ ಕೂಡ ಹಾಗೇ. ವಾಟ್ಸ್‌ಆ್ಯಪ್ ಬಳಸುತ್ತಿದ್ದೀರಿ ಅನ್ನುವುದು ಗೊತ್ತಾಗುತ್ತದೆ, ಮೆಸೇಜ್ ಓದಲು ಆಗುವುದಿಲ್ಲ.

ಹೆಸರು ಎರಡು ಕಡೆ ಸೋರುತ್ತದೆ. ಒಂದು ಡಿಎನ್‌ಎಸ್. ನೀವು ಸೈಟ್ ಹೆಸರು ಹೊಡೆದಾಗ ನಿಮ್ಮ ಫೋನು ‘ಈ ಹೆಸರಿನ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ಅದರ ನಂಬರ್, ಏನು’ ಅಂತ ಕೇಳುತ್ತದೆ. ಸಾಮಾನ್ಯವಾಗಿ ಆ ಪ್ರಶ್ನೆ ಹೋಗುವುದು ನೆಟ್ ಕೊಟ್ಟವರ ಸರ್ವರ್‌ಗೇ, ಅದೂ ಮುಚ್ಚದ ಕಾಗದದ ಹಾಗೆ. ಇನ್ನೊಂದು ಎಸ್‌ಎನ್‌ಐ. ಎಚ್‌ಟಿಟಿಪಿಎಸ್ ಶುರುವಾಗುವ ಮೊದಲ ಕ್ಷಣದಲ್ಲಿ ಸೈಟಿನ ಹೆಸರು ಬಯಲಾಗೇ ಹೋಗುತ್ತದೆ. ಆ ಹುಡುಗ ನೋಡಿರುವುದು ಹೆಚ್ಚುಕಮ್ಮಿ ಡಿಎನ್‌ಎಸ್ ಲಾಗ್, ಅಂದರೆ ಆ ಪ್ರಶ್ನೆಗಳ ದಾಖಲೆ. ಅಥವಾ ನಿಮ್ಮ ರೂಟರ್‌ನ ಲಾಗ್. ರೂಟರ್ ಅವರೇ ಕೊಟ್ಟಿದ್ದಾ?

ಅಮೃತಬಳ್ಳಿ
ಹೌದು, ಅವರೇ ತಂದು ಹಾಕಿದ್ದು. ಪಾಸ್‌ವರ್ಡೂ ಅವರೇ ಇಟ್ಟಿದ್ದು.

ಸ್ವಿಚ್ಚು_ಪೋರ್ಟು
ಹಾಗಾದರೆ ದೂರದಿಂದಲೇ ರೂಟರ್ ಒಳಗೆ ಹೋಗುವ ವ್ಯವಸ್ಥೆ ಇರುತ್ತದೆ. ಅದು ತಪ್ಪಲ್ಲ, ಸೆಟ್ಟಿಂಗ್ ಸರಿಮಾಡಲು ಬೇಕಾಗುತ್ತದೆ. ಆದರೆ ನೆಟ್ ಸ್ಲೋ ಅಂದರೆ ನೋಡಬೇಕಾದ್ದು ಫೈಬರ್ ಸಿಗ್ನಲ್, ಪ್ಯಾಕೆಟ್ ಲಾಸ್, ಟ್ರಾಫಿಕ್ ಎಷ್ಟಿದೆ ಅನ್ನುವುದು. ಯಾವ ಸೈಟ್ ಅಂತ ನೋಡುವ ಅಗತ್ಯವೇ ಇಲ್ಲ.

ಕೋರ್ಟು_ಕಟ್ಟೆ
ವಕೀಲಿಕೆ ಮಾಡುತ್ತೇನೆ, ಸಿಟಿ ಸಿವಿಲ್ ಕೋರ್ಟ್ ಕಡೆ. ಕಾನೂನಿನ ಭಾಗ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಗಾಳಿಪಟ ಅವರು ಹೇಳಿದ್ದರಲ್ಲಿ ಅರ್ಧ ನಿಜ. ಸರ್ಕಾರಕ್ಕೆ ಅಧಿಕಾರ ಇದೆ. ಐಟಿ ಕಾಯ್ದೆ 2000ದ 69ನೇ ಸೆಕ್ಷನ್ ಪ್ರಕಾರ ದೇಶದ ಭದ್ರತೆ, ಅಪರಾಧದ ತನಿಖೆ ಮುಂತಾದ ಕಾರಣಕ್ಕೆ ಮಾಹಿತಿಯನ್ನು ಮಧ್ಯದಲ್ಲೇ ಹಿಡಿದು ನೋಡಲು ಆದೇಶ ಮಾಡಬಹುದು. ಆದೇಶ ಮಾಡುವವರು ಯಾರು? ಕೇಂದ್ರದ ಗೃಹ ಕಾರ್ಯದರ್ಶಿ, ಇಲ್ಲವೇ ರಾಜ್ಯದ ಗೃಹ ಕಾರ್ಯದರ್ಶಿ. ಬರಹದಲ್ಲಿ ಇರಬೇಕು, ಕಾರಣ ಕೊಟ್ಟಿರಬೇಕು. ಒಂದು ಆದೇಶ 60 ದಿನ, ವಿಸ್ತರಿಸಿದರೂ 180 ದಿನ ದಾಟುವಂತಿಲ್ಲ. ಆದೇಶ ಬಂದರೆ ಕಂಪನಿ ಸಹಕರಿಸಲೇಬೇಕು, ಇಲ್ಲದಿದ್ದರೆ 7 ವರ್ಷದವರೆಗೆ ಜೈಲು. ಇದು ಸರ್ಕಾರದ ಬಾಗಿಲು.

ಕಂಪನಿ ತಾನಾಗಿಯೇ, ಯಾವ ಆದೇಶವೂ ಇಲ್ಲದೆ ನೋಡುವುದು ಬೇರೆ. ಅದಕ್ಕೆ ಅದೇ ಐಟಿ ಕಾಯ್ದೆಯ 2009ರ ನಿಯಮಗಳಿವೆ. ಅದರಲ್ಲಿ 24ನೇ ನಿಯಮ ಓದಿ. ಅನುಮತಿ ಇಲ್ಲದೆ ನೋಡುವುದು ನಿಷೇಧ ಅಂತ ಮೊದಲು ಹೇಳುತ್ತದೆ. ಆಮೇಲೆ ಒಂದು ಕಿಂಡಿ ಬಿಡುತ್ತದೆ. ಸಿಬ್ಬಂದಿ ತನ್ನ ಕೆಲಸದ ಭಾಗವಾಗಿ, ನೆಟ್‌ವರ್ಕ್ ನಡೆಸಲು, ರಿಪೇರಿ ಮಾಡಲು ನಿಜವಾಗಿ ಬೇಕಾದಷ್ಟು ನೋಡಬಹುದು. ‘ಬೇಕಾದಷ್ಟು’ ಅನ್ನುವುದೇ ಇಲ್ಲಿ ಮುಖ್ಯ. ಸ್ವಿಚ್ಚು ಅವರು ಹೇಳಿದ ಹಾಗೆ ಸ್ಪೀಡ್ ಪರೀಕ್ಷೆಗೆ ಕ್ಲಿನಿಕ್ ಹೆಸರು ಬೇಕಿಲ್ಲ ಅಂದರೆ, ಅವನು ಆ ಕಿಂಡಿಯಿಂದ ಹೊರಗೆ ಬಿದ್ದ.

ಇನ್ನು ಹೊಸ ಟೆಲಿಕಾಂ ಕಾಯ್ದೆ 2023. 42ನೇ ಸೆಕ್ಷನ್ ಪ್ರಕಾರ ಅಕ್ರಮವಾಗಿ ಸಂದೇಶ ಹಿಡಿದು ನೋಡುವುದು, ಅನುಮತಿ ಇಲ್ಲದೆ ನೆಟ್‌ವರ್ಕ್‌ನ ಡೇಟಾಗೆ ಕೈ ಹಾಕುವುದು ಅಪರಾಧ. 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಜೂನ್ 26ರಿಂದ ಜಾರಿಯಲ್ಲಿದೆ.

ಯಲಹಂಕ_ಗಾಳಿಪಟ
ಸಾರ್, ಕಾಗದದ ಮೇಲೆ ಎಲ್ಲಾ ಚೆನ್ನಾಗಿರುತ್ತದೆ. ಆ ಹುಡುಗನ ಮೇಲೆ ಯಾವ ಸ್ಟೇಷನ್‌ನಲ್ಲಿ ಎಫ್‌ಐಆರ್ ಹಾಕುತ್ತಾರೆ ಹೇಳಿ?

ಕೋರ್ಟು_ಕಟ್ಟೆ
ಕಷ್ಟ ಅಂತ ನಾನೂ ಒಪ್ಪುತ್ತೇನೆ. ಆದರೆ ‘ಕಷ್ಟ’ ಅನ್ನುವುದಕ್ಕೂ ‘ಕಾನೂನೇ ಬಿಟ್ಟಿದೆ’ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನೀವು ಎರಡನೆಯದನ್ನು ಹೇಳಿದಿರಿ.

ಫೈಬರ್_ಗಂಟು
ನಾನು ಇಂಥದ್ದೇ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಮಾಡುವವನು. ನಮ್ಮ ಕಡೆಯ ಮಾತನ್ನೂ ಕೇಳಿ. ಎಲ್ಲರೂ ನಮ್ಮನ್ನು ಕಳ್ಳರ ಹಾಗೆ ನೋಡುವುದು ಬೇಡ.

ಲಾಗ್ ಇಡುವುದು ನಮ್ಮ ಇಷ್ಟ ಅಲ್ಲ. ಲೈಸೆನ್ಸ್ ಷರತ್ತು. ಮೊದಲು ಒಂದು ವರ್ಷ ಇಡಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಮಾಡಿ ಎರಡು ವರ್ಷ ಮಾಡಿದರು. ಕಾರಣವೂ ಇದೆ. ಹಳೇ ಮಾದರಿಯ ಐಪಿ ವಿಳಾಸಗಳು ಸಾಕಾಗುವುದಿಲ್ಲ. ಹಾಗಾಗಿ ಒಂದೇ ಐಪಿಯನ್ನು ಹತ್ತಾರು ಮನೆಗೆ ಹಂಚುತ್ತೇವೆ. ಯಾರೋ ಒಬ್ಬ ಆನ್‌ಲೈನ್ ಮೋಸ ಮಾಡಿದ, ಪೊಲೀಸರು ಐಪಿ ಹಿಡಿದು ಬಂದರು ಅಂದುಕೊಳ್ಳಿ. ಆ ನಿಮಿಷ ಆ ಪೋರ್ಟು (ಒಂದೇ ಐಪಿಯ ಒಳಗೆ ಬೇರೆ ಬೇರೆ ಮನೆಗೆ ಹಂಚಿದ ನಂಬರ್) ಯಾವ ಮನೆಯದು ಅಂತ ನಾವು ಹೇಳಬೇಕು. ಲಾಗ್ ಇಲ್ಲದಿದ್ದರೆ ಹತ್ತಾರು ಮನೆಯವರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಸ್ವಿಚ್ಚು_ಪೋರ್ಟು
ಒಪ್ಪುತ್ತೇನೆ. ಆದರೆ ಅದಕ್ಕೆ ಬೇಕಾದ್ದು ಐಪಿ, ಪೋರ್ಟು, ಸಮಯ. ಸೈಟಿನ ಹೆಸರು ಯಾಕೆ?

ಫೈಬರ್_ಗಂಟು
ನಿಜ ಹೇಳಬೇಕೆಂದರೆ, ಡಿಎನ್‌ಎಸ್ ಲಾಗ್ ಸುಮ್ನೆ ಆನ್ ಆಗಿರುತ್ತದೆ. ಸಾಫ್ಟ್‌ವೇರ್ ಹಾಕಿದವರು ಬಿಟ್ಟುಹೋದ ಹಾಗೇ. ಯಾರೂ ಆಫ್ ಮಾಡಲು ಹೋಗುವುದಿಲ್ಲ.

ಪಿಜಿ_ವಾಸಿ
ಮತ್ತೆ ಆ ಲಾಗಿನ್ ಎಲ್ಲಾ ಹುಡುಗರ ಹತ್ತಿರ ಇರುತ್ತದಾ?

ಫೈಬರ್_ಗಂಟು
ನಮ್ಮಲ್ಲಿ ಒಂದೇ ಯೂಸರ್ ನೇಮ್, ಒಂದೇ ಪಾಸ್‌ವರ್ಡ್. ಫೀಲ್ಡಿಗೆ ಹೋಗುವ ಒಂಬತ್ತು ಜನರ ಹತ್ತಿರವೂ ಇದೆ. ಬರೆಯುವಾಗಲೇ ಇದು ಸರಿಯಿಲ್ಲ ಅನ್ನಿಸುತ್ತಿದೆ.

ಬುಲ್_ಟೆಂಪಲ್_ರಸ್ತೆ
ನನಗೀಗ ಎಪ್ಪತ್ತೊಂದು. ನಮ್ಮ ಕಾಲದಲ್ಲಿ ಫೋನ್ ಕದ್ದು ಕೇಳಿದ್ದಕ್ಕೆ ಮುಖ್ಯಮಂತ್ರಿಯೇ ಕುರ್ಚಿ ಬಿಟ್ಟರು. ರಾಮಕೃಷ್ಣ ಹೆಗಡೆ, 1988ರ ಆಗಸ್ಟ್. ನಾನಾಗ ಮೆಜೆಸ್ಟಿಕ್ ಹತ್ತಿರ ಕೆಲಸದಲ್ಲಿದ್ದೆ, ಸಂಜೆ ಪತ್ರಿಕೆಗೆ ಜನ ಮುಗಿಬಿದ್ದಿದ್ದು ಇನ್ನೂ ಕಣ್ಣ ಮುಂದಿದೆ. ಕದ್ದು ಕೇಳುವುದು ದೊಡ್ಡ ತಪ್ಪು ಅಂತ ಎಲ್ಲರಿಗೂ ಅನ್ನಿಸಿತ್ತು. ಈಗ ಮನೆಗೆ ಬಂದ ಹುಡುಗ ರಾಜಾರೋಷವಾಗಿ ಹೇಳುತ್ತಾನೆ, ನಾವು ‘ಎಲ್ಲರೂ ನೋಡ್ತಾರೆ ಬಿಡಿ’ ಅನ್ನುತ್ತೇವೆ. ಯಾವಾಗ ಇಷ್ಟು ಸಸಾರ ಆಯಿತು ಇದು?

ಯಲಹಂಕ_ಗಾಳಿಪಟ
ಅದು ರಾಜಕೀಯ ಅಂಕಲ್. ಫೋನ್ ಬೇರೆ, ಇಂಟರ್ನೆಟ್ ಬೇರೆ.

ಕೋರ್ಟು_ಕಟ್ಟೆ
ಬೇರೆ ಅಲ್ಲ, ಒಂದೇ ದಾರಿಯಲ್ಲಿ ಬಂದಿದೆ. 1885ರ ಟೆಲಿಗ್ರಾಫ್ ಕಾಯ್ದೆ, ಬ್ರಿಟಿಷರದ್ದು. ಅದರ 5ನೇ ಸೆಕ್ಷನ್ ಹಿಡಿದು ಫೋನ್ ಕೇಳುತ್ತಿದ್ದರು, ವಿಧಾನ ಅಂತ ಏನೂ ಇರಲಿಲ್ಲ. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಕೇಸ್ ಹಾಕಿತು. 1996ರಲ್ಲಿ ಸುಪ್ರೀಂ ಕೋರ್ಟ್, ಗೃಹ ಕಾರ್ಯದರ್ಶಿ ಆದೇಶ ಬೇಕು, ಆ ಆದೇಶಗಳನ್ನು ನೋಡಲು ಪರಿಶೀಲನಾ ಸಮಿತಿ ಬೇಕು ಅಂತ ಹೇಳಿತು. 2007ರಲ್ಲಿ ಅದು ಟೆಲಿಗ್ರಾಫ್ ನಿಯಮಗಳಲ್ಲಿ 419ಎ ಆಗಿ ಬಂತು. ಐಟಿ ಕಾಯ್ದೆಯ 2009ರ ನಿಯಮಗಳೂ ಅದೇ ಅಚ್ಚು. 2024ರ ಡಿಸೆಂಬರ್‌ನಲ್ಲಿ ಹೊಸ ಟೆಲಿಕಾಂ ನಿಯಮ ಬಂದು 419ಎ ಜಾಗ ತೆಗೆದುಕೊಂಡಿತು.

ಇನ್ನೊಂದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಕೇಸ್ ಯಾರ ಹೆಸರಲ್ಲಿದೆ? ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು. 2024ರಲ್ಲಿ ತೀರಿಕೊಂಡರು. ಬೆಂಗಳೂರಿನವರು ಇದನ್ನಾದರೂ ನೆನಪಿಟ್ಟುಕೊಳ್ಳಬೇಕು.

ಬುಲ್_ಟೆಂಪಲ್_ರಸ್ತೆ
ಅವರ ಬಗ್ಗೆ ಶಾಲೆಯ ಪಾಠದಲ್ಲಿ ಹಾಕಬೇಕು.

ತಿಂಡ್ಲು_ತಿರುವು
ಎಲ್ಲಾ ಸರಿ, ಆದರೆ ನಮ್ಮ ಹತ್ತಿರ ಮುಚ್ಚಿಡುವಂಥದ್ದು ಏನೂ ಇಲ್ಲ ಅಂದರೆ ಯಾರು ನೋಡಿದರೆ ಏನು? ನನ್ನ ಹಿಸ್ಟರಿ ಯಾರು ಬೇಕಾದರೂ ನೋಡಲಿ, ಕ್ರಿಕೆಟ್ ಸ್ಕೋರು, ಅಡುಗೆ ವಿಡಿಯೋ ಅಷ್ಟೇ. ಕಳ್ಳರಿಗೆ ತಾನೇ ಭಯ.

ಅಮೃತಬಳ್ಳಿ
ನಾನು ಏನು ಕದ್ದಿದ್ದೆ ಹೇಳಿ? ಮದುವೆಯಾಗಿ ಆರು ವರ್ಷ ಆಯಿತು. ಮಗು ಆಗಿಲ್ಲ ಅಂತ ಬೀದಿಯಲ್ಲಿ, ಮದುವೆ ಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ ಕೇಳಿಸಿಕೊಂಡು ಸಾಕಾಗಿದೆ. ಡಾಕ್ಟರ್ ಹತ್ತಿರ ಮೊದಲು ನಾವಿಬ್ಬರೂ ಮಾತಾಡಿ, ರಿಪೋರ್ಟ್ ಬಂದ ಮೇಲೆ ಮನೆಯಲ್ಲಿ ಹೇಳೋಣ ಅಂದುಕೊಂಡಿದ್ದೆವು. ಅದನ್ನು ಮುಚ್ಚಿಡುವುದು ಅನ್ನುತ್ತೀರಾ? ಹೇಳುವ ದಿನವನ್ನು ನಾವು ಆರಿಸಿಕೊಳ್ಳಬೇಕಿತ್ತು, ಕೇಬಲ್ ಹುಡುಗ ಅಲ್ಲ.

ತಿಂಡ್ಲು_ತಿರುವು
ಕ್ಷಮಿಸಿ ಅಕ್ಕಾ. ಆ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ. ನನ್ನ ತಂಗಿಯದ್ದೂ ಇಂಥದ್ದೇ ಪರಿಸ್ಥಿತಿ, ನನಗೆ ಗೊತ್ತಾಗಬೇಕಿತ್ತು.

ಮಾಗಡಿ_ರೋಡ್_ಮಲ್ಲಿಗೆ
ಅತ್ತೆ ಏನಂದರು?

ಅಮೃತಬಳ್ಳಿ
ಆ ದಿನ ಏನೂ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಕಾಫಿ ಕೊಡುತ್ತಾ ‘ನಂಗೆ ಹೇಳ್ಬಹುದಿತ್ತಲ್ಲೇ’ ಅಂದರು. ಕೋಪ ಇರಲಿಲ್ಲ, ಬೇಜಾರಿತ್ತು. ನನಗೆ ಅದೇ ಜಾಸ್ತಿ ನೋವಾಯಿತು.

ಸ್ಕ್ರಿಪ್ಟು_ಸಾಲು
ಕಂಪನಿಗಳು ನಮ್ಮ ಟ್ರಾಫಿಕ್‌ಗೆ ಕೈ ಹಾಕುವುದು ಹೊಸದಲ್ಲ. 2015ರ ಜೂನ್‌ನಲ್ಲಿ ಬೆಂಗಳೂರಿನ ಒಬ್ಬ ಪ್ರೋಗ್ರಾಮರ್ ಕಂಡುಹಿಡಿದಿದ್ದು ನೆನಪಿದೆಯಾ? ಏರ್‌ಟೆಲ್ 3ಜಿಯಲ್ಲಿ ಅವರ ಬ್ಲಾಗ್ ತೆರೆದರೆ ಪುಟದ ಒಳಗೆ ಅವರು ಬರೆಯದ ಒಂದು ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಮ್, ಬಂದು ಕೂತಿತ್ತು. ಮಧ್ಯದಲ್ಲಿ ಸೇರಿಸಿದ್ದರು. ಗ್ರಾಹಕರಿಗೆ ಡೇಟಾ ಎಷ್ಟು ಖರ್ಚಾಗಿದೆ ಅಂತ ತೋರಿಸಲು ಅಂತ ಕಂಪನಿ ಹೇಳಿತು. ಆ ವ್ಯವಸ್ಥೆ ಮಾಡಿದ್ದು ಫ್ಲಾಶ್ ನೆಟ್‌ವರ್ಕ್ಸ್ ಅನ್ನುವ ಇಸ್ರೇಲ್ ಕಂಪನಿ. ಆ ಕಂಪನಿ ಕಂಡುಹಿಡಿದವರಿಗೇ ಲೀಗಲ್ ನೋಟಿಸ್ ಕಳಿಸಿತು. ಆಗ ನಾನು ಕಾಲೇಜಿನಲ್ಲಿದ್ದೆ, ಆ ಸುದ್ದಿ ಓದಿಯೇ ನನ್ನ ಪ್ರಾಜೆಕ್ಟ್ ಸೈಟಿಗೆ ಎಚ್‌ಟಿಟಿಪಿಎಸ್ ಹಾಕಿದ್ದು.

ಸ್ವಿಚ್ಚು_ಪೋರ್ಟು
ಹೌದು, ಸೈಟ್ ಬೀಗ ಇಲ್ಲದ ಎಚ್‌ಟಿಟಿಪಿಯಲ್ಲಿ ಇದ್ದರಿಂದಲೇ ಸೇರಿಸಲು ಆಗಿದ್ದು. ಎಸ್‌ಎನ್‌ಐ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಅನ್ನುವ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿ, ಜಿಯೋ ನೆಟ್‌ವರ್ಕ್‌ನಲ್ಲಿ ಸೈಟ್‌ಗಳನ್ನು ಬ್ಲಾಕ್ ಮಾಡಲು ಎಸ್‌ಎನ್‌ಐ ನೋಡುತ್ತಾರೆ ಅಂತ ತೋರಿಸಿದರು. ಅಂದರೆ ಹೆಸರನ್ನು ಓದುವ ಯಂತ್ರ ದಾರಿಯಲ್ಲಿದೆ. ಬ್ಲಾಕ್ ಮಾಡುವ ಆದೇಶ ಬಂದಿದ್ದರೆ ಬ್ಲಾಕ್ ಮಾಡಬೇಕು, ಅದು ಬೇರೆ ಚರ್ಚೆ. ಓದುವ ಯಂತ್ರ ಒಂದು ಸಲ ಬಂದು ಕೂತಮೇಲೆ ಇನ್ನೇನಕ್ಕೆ ಬಳಸುತ್ತಾರೆ ಅಂತ ನಮಗೆ ಹೇಳುವವರು ಯಾರು?

ಪಿಜಿ_ವಾಸಿ
ವಿಪಿಎನ್ ಹಾಕಿಕೊಂಡರೆ ಮುಗಿಯಿತಲ್ಲ? ಎಲ್ಲಾ ಬೀಗ ಹಾಕಿಕೊಂಡು ಬೇರೊಬ್ಬರ ಸರ್ವರ್ ಮೂಲಕ ಹೋಗುತ್ತದಲ್ಲ?

ಸ್ಕ್ರಿಪ್ಟು_ಸಾಲು
ಮುಗಿಯಲ್ಲ ಮಗಾ. ನೆಟ್‌ನವನ ಮೇಲಿನ ನಂಬಿಕೆಯನ್ನು ವಿಪಿಎನ್‌ನವನ ಮೇಲೆ ಇಟ್ಟ ಹಾಗಾಯಿತು ಅಷ್ಟೇ. ಬಿಟ್ಟಿ ವಿಪಿಎನ್ ಆದರಂತೂ ಮುಟ್ಟಲೇಬೇಡ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಎಲ್ಲ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ಇಂಡಿಯಾದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು.

ಯಲಹಂಕ_ಗಾಳಿಪಟ
ಅದು ಸರಿಯಾದ ಆದೇಶವೇ. ನನ್ನ ಸ್ನೇಹಿತನ ಅಪ್ಪನಿಗೆ ಆನ್‌ಲೈನ್‌ನಲ್ಲಿ ನಾಲ್ಕು ಲಕ್ಷ ಹೋಯಿತು. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿದರು. ಪೊಲೀಸರು ಐಪಿ ಹುಡುಕಿದರೆ ವಿಪಿಎನ್. ಅಲ್ಲಿಗೆ ಕೇಸ್ ನಿಂತಿದೆ. ನೀವೆಲ್ಲ ಖಾಸಗಿತನ ಅನ್ನುತ್ತೀರಿ, ಆ ಮನುಷ್ಯ ನಿವೃತ್ತಿ ಹಣ ಕಳೆದುಕೊಂಡು ಮನೆಯಿಂದ ಹೊರಗೆ ಬರುತ್ತಿಲ್ಲ. ಅವರಿಗೆ ಯಾರು ಉತ್ತರ ಕೊಡುತ್ತಾರೆ?

ಕೋರ್ಟು_ಕಟ್ಟೆ
ಗಾಳಿಪಟ ಅವರೇ, ಈ ಮಾತು ತಳ್ಳಿಹಾಕುವಂಥದ್ದಲ್ಲ. ತನಿಖೆಗೆ ದಾಖಲೆ ಬೇಕು. ಯಾರೂ ದಾಖಲೆಯೇ ಬೇಡ ಅನ್ನುತ್ತಿಲ್ಲ. ಲಾಗ್ ಇಡುವುದು ಬೇರೆ, ತೆರೆದು ನೋಡುವುದು ಬೇರೆ. ತೆರೆಯಲು ಒಂದು ಬರೆದ ಕಾರಣ, ಒಬ್ಬ ಜವಾಬ್ದಾರಿ ಅಧಿಕಾರಿ ಬೇಕು ಅಂತ ಕಾನೂನು ಹೇಳುತ್ತದೆ. ನಿಮ್ಮ ಸ್ನೇಹಿತನ ಅಪ್ಪನ ಕೇಸಿಗೆ ಅದು ಅಡ್ಡ ಬರುವುದಿಲ್ಲ.

ಸರ್ಕಾರದ ಕಡೆಯೂ ದೂರು ಇದೆ, ಅದನ್ನೂ ಹೇಳಿಬಿಡುತ್ತೇನೆ. ಪರಿಶೀಲನಾ ಸಮಿತಿ ಎರಡು ತಿಂಗಳಿಗೊಮ್ಮೆ ಕೂರುತ್ತದೆ. ಡೇಟಾ ರಕ್ಷಣೆ ಕಾನೂನಿಗಾಗಿ ಸರ್ಕಾರ ಮಾಡಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಲೆಕ್ಕ ಕೊಟ್ಟಿತು. ಒಂದೊಂದು ಸಭೆಯ ಮುಂದೆ 15,000ದಿಂದ 18,000 ಆದೇಶ ಇರುತ್ತವೆ. ಯಾರು ಓದುತ್ತಾರೆ ಅಷ್ಟನ್ನು? ನಿಮ್ಮನ್ನು ನೋಡಿದ್ದರು ಅಂತ ಆಮೇಲೂ ನಿಮಗೆ ತಿಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಗೊತ್ತೇ ಆಗದಿದ್ದರೆ ಕೋರ್ಟಿಗೆ ಹೋಗುವುದು ಹೇಗೆ?

ಯಲಹಂಕ_ಗಾಳಿಪಟ
ಒಂದು ಸಭೆಗೆ ಹದಿನೆಂಟು ಸಾವಿರವಾ? ಅದು ನನಗೆ ಗೊತ್ತಿರಲಿಲ್ಲ.

ಹೊಸ_ರೋಡ್_ಟು_ಡಬ್ಲಿನ್
ನಾನಿರುವುದು ಐರ್ಲೆಂಡ್‌ನಲ್ಲಿ, ಊರು ಬೊಮ್ಮನಹಳ್ಳಿ ಹತ್ತಿರ. ಯುರೋಪಿನಲ್ಲೂ 2006ರಲ್ಲಿ ಎಲ್ಲರ ಲಾಗ್ ಇಡಬೇಕು ಅಂತ ಕಾನೂನು ತಂದಿದ್ದರು. ಇಲ್ಲಿನ ಒಂದು ಸಣ್ಣ ಹಕ್ಕುಗಳ ಗುಂಪು ಕೋರ್ಟಿಗೆ ಹೋಯಿತು. 2014ರಲ್ಲಿ ಯುರೋಪಿನ ನ್ಯಾಯಾಲಯ ಇಡೀ ಕಾನೂನನ್ನೇ ರದ್ದು ಮಾಡಿತು. ಯಾವ ಅನುಮಾನವೂ ಇಲ್ಲದವರದ್ದೆಲ್ಲ ಗುಡ್ಡೆ ಹಾಕುವುದು ಜಾಸ್ತಿ ಆಯಿತು ಅಂತ. ಪಕ್ಕದ ಬ್ರಿಟನ್‌ನಲ್ಲಿ ಉಲ್ಟಾ. 2016ರ ಕಾನೂನಿನ ಪ್ರಕಾರ ಸರ್ಕಾರ ನೋಟಿಸ್ ಕೊಟ್ಟರೆ ಕಂಪನಿ 12 ತಿಂಗಳವರೆಗೆ ಯಾರು ಯಾವ ಸೇವೆಗೆ ಹೋದರು ಅನ್ನುವ ದಾಖಲೆ ಇಡಬೇಕು.

ಸ್ಕ್ರಿಪ್ಟು_ಸಾಲು
ಅಮೆರಿಕಾದ್ದು ಇನ್ನೂ ಬೇಜಾರು. 2016ರಲ್ಲಿ ಗ್ರಾಹಕರ ಒಪ್ಪಿಗೆ ಇಲ್ಲದೆ ಬ್ರೌಸಿಂಗ್ ಮಾಹಿತಿ ಮಾರುವಂತಿಲ್ಲ ಅಂತ ನಿಯಮ ಮಾಡಿದರು. ಜಾರಿಗೆ ಬರುವ ಮೊದಲೇ 2017ರ ಏಪ್ರಿಲ್‌ನಲ್ಲಿ ರದ್ದು ಮಾಡಿದರು.

ಮಾಗಡಿ_ರೋಡ್_ಮಲ್ಲಿಗೆ
ನಮ್ಮ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಎಲ್ಲಾ ನೋಡುತ್ತಾರೆ ಅನ್ನುತ್ತಾರೆ, ಅದು ಹೇಗೆ? ಎಚ್‌ಟಿಟಿಪಿಎಸ್ ಇದ್ದರೂ?

ಸ್ವಿಚ್ಚು_ಪೋರ್ಟು
ಅದು ಬೇರೆ ಮೇಡಂ. ಆಫೀಸಿನವರು ಲ್ಯಾಪ್‌ಟಾಪ್ ಒಳಗೇ ತಮ್ಮ ಸರ್ಟಿಫಿಕೇಟ್, ಅಂದರೆ ಅವರ ಬೀಗವನ್ನೂ ನಂಬು ಅಂತ ಹೇಳುವ ಫೈಲ್, ಹಾಕಿರುತ್ತಾರೆ. ಹಾಗಾಗಿ ಬೀಗ ಅವರೇ ತೆಗೆದು, ನೋಡಿ, ಮತ್ತೆ ಹಾಕುತ್ತಾರೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಬ್ಯಾಂಕ್, ಆಸ್ಪತ್ರೆ ಕೆಲಸ ಮಾಡಬೇಡಿ. ಮನೆ ನೆಟ್‌ನವರು ‘ಈ ಸರ್ಟಿಫಿಕೇಟ್ ಫೋನಿಗೆ ಹಾಕಿ’ ಅಂತ ಯಾವತ್ತಾದರೂ ಹೇಳಿದರೆ ಖಂಡಿತ ಹಾಕಬೇಡಿ.

ಪಿಜಿ_ವಾಸಿ
ನಮ್ಮ ಪಿಜಿ ಓನರ್ ವೈಫೈ ರೂಟರ್ ಲಾಗ್ ತೆಗೆದು, ರಾತ್ರಿ ಯಾರು ಎಷ್ಟು ಹೊತ್ತು ನೋಡುತ್ತಾರೆ ಅಂತ ಊಟದ ಹಾಲ್‌ನಲ್ಲಿ ಓದಿ ಹೇಳಿದ್ದ. ಇಬ್ಬರು ಹುಡುಗರು ಮಾರನೇ ದಿನವೇ ಪಿಜಿ ಬಿಟ್ಟು ಹೋದರು. ಆಗ ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಬೇಜಾರಾಗುತ್ತಿದೆ.

ಅಮೃತಬಳ್ಳಿ
ಕೋರ್ಟು_ಕಟ್ಟೆ ಸರ್, ನಾನು ಈಗ ಏನು ಮಾಡಬೇಕು ಹೇಳಿ. ಹುಡುಗನ ಕೆಲಸ ಹೋಗಬೇಕು ಅಂತ ನನಗಿಲ್ಲ. ಅವನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು, ತಪ್ಪು ಅಂತಲೂ ಗೊತ್ತಿದ್ದ ಹಾಗಿಲ್ಲ. ಕಂಪನಿ ಉತ್ತರ ಕೊಡಬೇಕು.

ಕೋರ್ಟು_ಕಟ್ಟೆ
ಮೊದಲು ಕಂಪನಿಗೆ ಇಮೇಲ್. ಫೋನ್‌ನಲ್ಲಿ ಮಾತ್ರ ಬೇಡ. ದಿನಾಂಕ, ಸಮಯ, ಅವನು ಹೇಳಿದ ಮಾತು ಹಾಗೇ ಬರೆಯಿರಿ. ನನ್ನ ಯಾವ ಯಾವ ಮಾಹಿತಿ ನಿಮ್ಮಲ್ಲಿದೆ, ಯಾವ ಕಾನೂನಿನ ಪ್ರಕಾರ, ಎಷ್ಟು ದಿನ ಇಡುತ್ತೀರಿ, ಯಾರು ಯಾರು ನೋಡಬಹುದು ಅಂತ ಕೇಳಿ. ಡಾಕೆಟ್ ನಂಬರ್ (ದೂರಿನ ನಂಬರ್) ತೆಗೆದುಕೊಳ್ಳಿ. ಉತ್ತರ ಸರಿ ಇಲ್ಲದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಅದು ಕಂಪನಿಯಲ್ಲಿ ಇರಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮ. ಜೊತೆಗೆ ಟೆಲಿಕಾಂ ಇಲಾಖೆಗೆ ಬರೆಯಬಹುದು, ಲೈಸೆನ್ಸ್‌ನಲ್ಲೇ ಗ್ರಾಹಕರ ಮಾತುಕತೆಯ ಖಾಸಗಿತನ ಕಾಪಾಡುವುದು ಕಂಪನಿಯ ಹೊಣೆ ಅಂತ ಇದೆ. ಪರಿಹಾರ ಬೇಕು ಅಂದರೆ ಐಟಿ ಕಾಯ್ದೆಯಲ್ಲಿ ಅಡ್ಜುಡಿಕೇಟಿಂಗ್ ಆಫೀಸರ್, ಅಂದರೆ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ, ಇದ್ದಾರೆ, ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ, 5 ಕೋಟಿವರೆಗಿನ ಕ್ಲೇಮ್ ಅವರೇ ಕೇಳುತ್ತಾರೆ.

ಐಟಿ ಕಾಯ್ದೆಯ 72ಎ ಸೆಕ್ಷನ್ ಬಗ್ಗೆ ಯಾರಾದರೂ ಹೇಳಬಹುದು. ಒಪ್ಪಂದ ಮುರಿದು ಗ್ರಾಹಕರ ಮಾಹಿತಿ ಹೊರಗೆ ಹೇಳಿದರೆ 3 ವರ್ಷದವರೆಗೆ ಜೈಲು. ಆದರೆ ನಷ್ಟ ಮಾಡುವ ಉದ್ದೇಶ ಅಥವಾ ಅರಿವು ಇತ್ತು ಅಂತ ತೋರಿಸಬೇಕು. ಈ ಹುಡುಗನ ವಿಷಯದಲ್ಲಿ ಅದು ನಿಲ್ಲುವುದಿಲ್ಲ ಅಂತ ನನ್ನ ಅನಿಸಿಕೆ. ಡೇಟಾ ರಕ್ಷಣೆ ಕಾಯ್ದೆ 2023ರಲ್ಲಿ ದಂಡ 250 ಕೋಟಿವರೆಗೆ ಇದೆ, ಆದರೆ ನಿಯಮ ಬಂದಿದ್ದೇ 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ, ಅಂದರೆ 2027ರ ಮೇ.

ಸ್ವಿಚ್ಚು_ಪೋರ್ಟು
ಮತ್ತೆ ಇವತ್ತೇ ಮಾಡಬಹುದಾದ ಕೆಲಸ. ಆಂಡ್ರಾಯ್ಡ್ ಫೋನ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಅಂತ ಇದೆ. ಅದರಲ್ಲಿ ಡಿಎನ್‌ಎಸ್ ಡಾಟ್ ಗೂಗಲ್ ಅಂತ ಹಾಕಿದರೆ ಆ ಪ್ರಶ್ನೆಗಳು ಬೀಗ ಹಾಕಿಕೊಂಡು ಹೋಗುತ್ತವೆ. ಬರೀ ರೂಟರ್‌ನಲ್ಲಿ 8.8.8.8 ಅಥವಾ 1.1.1.1 ಅನ್ನುವ ಬೇರೆಯವರ ಡಿಎನ್‌ಎಸ್ ವಿಳಾಸ ಹಾಕಿದರೆ ಸಾಲದು, ಪ್ರಶ್ನೆ ಬೇರೆಯವರಿಗೆ ಹೋಗುತ್ತದೆ ನಿಜ, ಆದರೆ ದಾರಿಯಲ್ಲಿ ಬಯಲಾಗಿಯೇ ಹೋಗುತ್ತದೆ. ಎಸ್‌ಎನ್‌ಐ ಇನ್ನೂ ಕಾಣಿಸುತ್ತದೆ. ಅದನ್ನೂ ಮುಚ್ಚುವ ಇಸಿಎಚ್ ಅನ್ನುವ ವಿಧಾನ ಬಂದಿದೆ, ಆದರೆ ಎಲ್ಲಾ ಸೈಟ್‌ಗಳೂ ಇನ್ನೂ ಹಾಕಿಕೊಂಡಿಲ್ಲ. ರೂಟರ್ ಸ್ವಂತದ್ದು ತೆಗೆದುಕೊಳ್ಳಿ. ಎಸ್‌ಪಿ ರೋಡ್‌ನಲ್ಲಿ ಎರಡು ಸಾವಿರದೊಳಗೆ ಒಳ್ಳೆಯದೇ ಸಿಗುತ್ತದೆ.

ತಿಂಡ್ಲು_ತಿರುವು
ಎಸ್‌ಪಿ ರೋಡ್‌ನಲ್ಲಿ ಬಿಲ್ ಕೇಳಿ ತಗೊಳ್ಳಿ, ಇಲ್ಲದಿದ್ದರೆ ವಾರಂಟಿಗೆ ಅಲೆಸುತ್ತಾರೆ.

ಅಮೃತಬಳ್ಳಿ
ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಇಮೇಲ್ ಕಳಿಸಿದೆ. ಮೊದಲು ‘ನೆಟ್ ಸಮಸ್ಯೆ ಬಗೆಹರಿದಿದೆ’ ಅಂತ ಹೇಳಿ ಟಿಕೆಟ್ ಮುಚ್ಚಿದರು. ಮತ್ತೆ ತೆರೆಸಿದೆ. ಆಮೇಲೆ ಶನಿವಾರ ಕಂಪನಿ ಓನರ್ ಮನೆಗೇ ಬಂದರು. ನನ್ನನ್ನು ಬಿಟ್ಟು ನಮ್ಮ ಮನೆಯವರ ಹತ್ತಿರ ‘ಸಾರ್, ಮೇಡಂಗೆ ಸ್ವಲ್ಪ ಹೇಳಿ, ಒಂದು ತಿಂಗಳ ಬಿಲ್ ಬಿಟ್ಟುಬಿಡ್ತೀವಿ, ಕಂಪ್ಲೇಂಟ್ ವಾಪಸ್ ತಗೊಳ್ಳಿ’ ಅಂದರು. ನಮ್ಮ ಮನೆಯವರು ‘ಕನೆಕ್ಷನ್ ಅವಳ ಹೆಸರಲ್ಲಿದೆ, ಅವಳ ಹತ್ರಾನೇ ಮಾತಾಡಿ’ ಅಂದರು. ಆಗ ಒಳಗಿಂದ ಅತ್ತೆ ಬಂದು ಕೂತರು. ‘ನಮ್ ಮನೆ ವಿಷ್ಯ ನಿಮ್ ಹುಡುಗ್ರಿಗೆ ಯಾಕಪ್ಪಾ’ ಅಂತ ಕೇಳಿದರು. ಅವರ ಹತ್ತಿರ ಉತ್ತರ ಇರಲಿಲ್ಲ.

ಬಿಲ್ ಬಿಡುವುದು ಬೇಡ ಅಂದೆ. ಬರವಣಿಗೆಯಲ್ಲಿ ಉತ್ತರ ಕೊಡಿ ಅಂದೆ. ನಿನ್ನೆ ಬಂತು. ಕ್ಷಮೆ ಕೇಳಿದ್ದಾರೆ, ಫೀಲ್ಡ್ ಹುಡುಗರಿಗೆ ಇನ್ನು ಮುಂದೆ ಸೈಟ್ ಹೆಸರುಗಳು ಕಾಣಿಸುವುದಿಲ್ಲ ಅಂತ ಬರೆದಿದ್ದಾರೆ. ನನ್ನ ಡಿಎನ್‌ಎಸ್ ಲಾಗ್ ಎಷ್ಟು ದಿನದ್ದು ಇದೆ, ಯಾಕೆ ಇಟ್ಟಿದ್ದೀರಿ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. ಅದಕ್ಕೆ ಮೇಲ್ಮನವಿ ಹಾಕಿದ್ದೇನೆ. ರೂಟರ್ ಬದಲಾಯಿಸಿದೆ, ಬಿಲ್ ತೆಗೆದುಕೊಂಡೆ.

ಬುಲ್_ಟೆಂಪಲ್_ರಸ್ತೆ
ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಮ್ಮಾ.

ಯಲಹಂಕ_ಗಾಳಿಪಟ
ಮೇಡಂ, ಏನೂ ಮಾಡೋಕಾಗಲ್ಲ ಅಂತ ನಾನು ಮೊದಲು ಬರೆದಿದ್ದೆ. ಅದು ತಪ್ಪಾಯಿತು. ನೀವು ಕಳಿಸಿದ ಇಮೇಲ್‌ನ ಮಾದರಿ, ಹೆಸರು ತೆಗೆದು, ಇಲ್ಲಿ ಹಾಕುತ್ತೀರಾ? ನಮ್ಮ ಕಂಪನಿಗೂ ಅದೇ ನಾಲ್ಕು ಪ್ರಶ್ನೆ ಕೇಳುತ್ತೇನೆ.

ಅಮೃತಬಳ್ಳಿ
ರಾತ್ರಿ ಹಾಕುತ್ತೇನೆ.

ಫೈಬರ್_ಗಂಟು
ಇದನ್ನೆಲ್ಲ ಓದಿ ಸೋಮವಾರ ನಮ್ಮ ಓನರ್ ಹತ್ತಿರ ಮಾತಾಡಿದೆ. ಮೊದಲು ಬೈದರು. ಕೋರ್ಟು_ಕಟ್ಟೆ ಅವರು ಬರೆದ 2 ಕೋಟಿ ದಂಡದ ವಿಷಯ ತೋರಿಸಿದೆ, ಆಮೇಲೆ ಕೂತು ಕೇಳಿದರು. ಹಳೇ ಪಾಸ್‌ವರ್ಡ್ ಬದಲಾಯಿಸಿ ಎಲ್ಲರಿಗೂ ಬೇರೆ ಬೇರೆ ಲಾಗಿನ್ ಮಾಡಿದ್ದೇವೆ. ಫೀಲ್ಡಿನವರಿಗೆ ಸಿಗ್ನಲ್, ಸ್ಪೀಡ್ ಮಾತ್ರ ಕಾಣಿಸುತ್ತದೆ. ಡಿಎನ್‌ಎಸ್ ಲಾಗ್ ಆಫ್ ಮಾಡಿದೆವು.

ಅಮೃತಬಳ್ಳಿ
ಉಳಿದ ಲಾಗ್ ಈಗ ಎಷ್ಟು ಜನ ನೋಡಬಹುದು?

ಫೈಬರ್_ಗಂಟು
ಇಬ್ಬರು. ಅದರಲ್ಲಿ ನಾನೊಬ್ಬ. ಯಾರು ಯಾವಾಗ ತೆರೆದರು ಅನ್ನುವುದೂ ಈಗ ದಾಖಲಾಗುತ್ತದೆ.